ಜಾಡಿಸದ ಚೀಲದಲ್ಲಿ ಉಳಿದ ದನಿ

ಗ್ಯಾಸಿನ ಗುಂಡಿ ಆರಿಸಿ, ಮನೆಗೆ ಕೀಲಿ ಹಾಕಿ, ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ, ಆರಿಸಿದ್ದೆನೋ ಇಲ್ಲವೋ ಎಂದು ತಿರುಗಿ ಬರುವವರ ಪೈಕಿ ನಾನೊಬ್ಬ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಕಂಪನಿಯವರು ಇದಕ್ಕೇ ಸಂಬಳ ಕೊಟ್ಟರು. ಕಣ್ಣು ಕೈಕೊಟ್ಟಿದ್ದರಿಂದ ಐವತ್ತು ದಾಟಿದ ಕೂಡಲೇ ನಿವೃತ್ತಿ ತೆಗೆದುಕೊಂಡು ಕೂತಿದ್ದೇನೆ. ಈಗ ಸಂಬಳವಿಲ್ಲ, ಬರೀ ರೋಗ ಉಳಿದಿದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಕೇಳುತ್ತಾರೆ, ಏನು ಓದಬೇಕು ಸರ್ ಎಂದು. ಓದುವುದು ಇದ್ದೇ ಇದೆ. ಮೊದಲು ಅಂಜಲು ಕಲಿಯಿರಿ ಎಂದು ಹೇಳುತ್ತೇನೆ. ಅವರು ನಗುತ್ತಾರೆ. ನಗಲಿ.

ಕೆಲಸ ಏನೆಂದು ಹೇಳುವುದೇ ಒಂದು ತೊಡಕು. ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ನಾಲ್ಕಾರು ಕಂಪ್ಯೂಟರ್ ಇವೆ ಎಂಬ ನಟನೆ. ಆ ಇಲ್ಲದ ಕಂಪ್ಯೂಟರಿಗೆ ಒಂದು ಇಲ್ಲದ ನೆಟ್‌ವರ್ಕ್ ಕಾರ್ಡು, ಆ ಕಾರ್ಡಿಗೆ ಒಂದು ಇಲ್ಲದ ತಂತಿ. ಅದರಲ್ಲಿ ಹಾದುಹೋಗುವ ಮಾತು ಮಾತ್ರ ನಿಜ. ಆ ಇಲ್ಲದ ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಅದು ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈಹಾಕಿದಾಗ ಹಿಡಿದು ತಿದ್ದುವುದು ನನ್ನ ಹೊಟ್ಟೆಪಾಡಾಗಿತ್ತು. ಓಣಿಯವರು ಮಾತ್ರ ಕೊನೆಯ ತನಕ "ನಿಮ್ದು ಲಾರಿನೋ ಬಸ್ಸೋ?" ಎಂದು ಕೇಳುತ್ತಿದ್ದರು. "ಎರಡೂ ಅಲ್ರಿ, ಗಾಡಿನ ಇಲ್ಲ" ಎಂದರೆ, ಪಾಪ, ಕೆಲಸ ಹೋಗಿದೆ ಎಂದುಕೊಂಡು ಚಹಾ ಕುಡಿಸುತ್ತಿದ್ದರು.

ನಮ್ಮ ಆಫೀಸು ಭಾಗ್ಯನಗರದಲ್ಲಿ, ಒಂದು ಕೂದಲಿನ ಕೋಣೆಯ ಮೇಲಿತ್ತು. ಎಲ್ಲಿಂದಲೋ ಮೂಟೆಯಲ್ಲಿ ಬಂದ ಕೂದಲನ್ನು ಕೆಳಗೆ ಹೆಂಗಸರು ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ, ಜೊಂಪೆ ಕಟ್ಟುತ್ತಿದ್ದರು. ಕೂದಲಿತ್ತು, ತಲೆಗಳಿರಲಿಲ್ಲ. ಮೇಲೆ ನಾವೂ ಅದನ್ನೇ ಮಾಡುತ್ತಿದ್ದೆವು. ಯಾವುದೋ ಪ್ರೋಗ್ರಾಮು ಬಿಟ್ಟುಹೋದ ಎಳೆ, ಅದರ ಯಜಮಾನ ಯಾರು, ಇದ್ದಾನೋ ಹೋದನೋ ಎಂದು ಹುಡುಕುವುದು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಒಂದಲ್ಲ ಒಂದು ಕೂದಲು ಇರುತ್ತಿತ್ತು. ನಮ್ಮ ಮನೆಯದಾಗಿರಲಿ ಎಂದು ಬೇಡಿಕೊಂಡು ತೆಗೆದು ಉಣ್ಣುತ್ತಿದ್ದೆ.

ಮೆಮೊರಿಯ ತಪ್ಪು ಎಂದರೇನು ಎಂದು ಪುಸ್ತಕಗಳು ಬಹಳ ಉದ್ದ ಬರೆಯುತ್ತವೆ. ನಮ್ಮ ಕಡೆಯವರಿಗೆ ಗೋಣಿಚೀಲ ಸಾಕು. ಚೀಲಕ್ಕೆ ತೂಕದ ಚೀಟಿ ಅಂಟಿಸಿರುತ್ತಾರೆ. ಚೀಲ ಖಾಲಿಯಾದ ಮೇಲೂ ಚೀಟಿ ಉಳಿಯುತ್ತದೆ. ಚೀಲವನ್ನು ತಿರುವಿ ಜಾಡಿಸದೆ ಇಟ್ಟರೆ ಹಿಂದಿನ ಕಾಳು ಮೂಲೆಯಲ್ಲಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಅಳಿಸುವುದು ಎಂದರೆ ಚೀಲ ಸುಡುವುದಲ್ಲ, ಜಾಡಿಸುವುದೂ ಅಲ್ಲ. ಈ ಚೀಲ ಇನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂದು ಬಾಯಲ್ಲಿ ಹೇಳುವುದು, ಅಷ್ಟೇ. ಒಳಗಿನ ಕಾಳು ಒಳಗೇ ಇರುತ್ತದೆ. ಹಳೆಯ ಚೀಟಿ ನಂಬಿ ಯಾರಾದರೂ ಆ ಚೀಲವನ್ನು ಎತ್ತಿ ಕಳಿಸಿದರೆ, ಯಾರದೋ ಕಾಳು ಯಾರದೋ ಮನೆಗೆ ಹೋಗುತ್ತದೆ.

ಹನುಮಸಾಗರದಲ್ಲಿ ಹಾಗೆ ಆಗಿತ್ತು. ಅಲ್ಲಿಯ ಹಾಲಿನ ಡೇರಿಯಲ್ಲಿ ಹಾಲು ಹಾಕಿದವರ ಹೆಸರು ಗೋಡೆಯ ಪರದೆಯ ಮೇಲೆ ಬರುತ್ತಿತ್ತು. ಒಂದು ದಿನ ಒಬ್ಬ ಹೆಣ್ಣುಮಗಳ ಹೆಸರಿನ ಬಾಲಕ್ಕೆ ಮತ್ತೊಬ್ಬರ ಗಂಡನ ಹೆಸರು ಅಂಟಿಕೊಂಡು ಬಂತು. ನಾನು ಹೋಗಿ ತಿದ್ದುವಷ್ಟರಲ್ಲಿ ಊರು ತನ್ನ ತೀರ್ಮಾನ ತಾನು ಮಾಡಿಯಾಗಿತ್ತು. ಚಿಕ್ಕ ಹೆಸರಿನ ಹಿಂದೆ ಉಳಿದ ಖಾಲಿ ಜಾಗವನ್ನು ಒರೆಸಿರಲಿಲ್ಲ, ಹಿಂದಿನ ದೊಡ್ಡ ಹೆಸರಿನ ತುದಿ ಕಾಣಿಸಿತ್ತು. ಇಷ್ಟನ್ನು ಆ ಗಂಡನ ಹೆಂಡತಿಗೆ ತಿಳಿಸಲು ನನಗೆ ಇಡೀ ಮುಂಜಾನೆ ಹಿಡಿಯಿತು. ಕೊನೆಗೆ ಆಕೆ, "ನೀವು ಅವರ ಕಡೆಯವರೇನ್ರಿ?" ಎಂದು ಕೇಳಿದಳು.

ಯಲಬುರ್ಗಾದ್ದು ಬೇರೆ ಥರ. ಅಲ್ಲೊಂದು ಪೆಟ್ಟಿಗೆ ಆಗಾಗ ನಿಂತುಬಿಡುತ್ತಿತ್ತು. ಎಲ್ಲಿ ನಿಲ್ಲುತ್ತದೆ ನೋಡೋಣವೆಂದು ಡ್ರೈವರಿನೊಳಗೆ 'ಇಲ್ಲಿ ಬಂದೆ, ಇಲ್ಲಿ ಬಂದೆ' ಎಂದು ಬರೆದಿಡುವ ಸಾಲುಗಳನ್ನು ಸೇರಿಸಿದೆ. ತಪ್ಪು ಮಾಯವಾಯಿತು. ಸಾಲು ತೆಗೆದೆ, ತಪ್ಪು ತಿರುಗಿ ಬಂತು. ಮತ್ತೆ ಸೇರಿಸಿದೆ, ಮತ್ತೆ ಹೋಯಿತು. ಬರೆಯುವುದಕ್ಕೆ ತಗಲುವ ಚೂರು ಹೊತ್ತಿನಿಂದಾಗಿ ಎರಡು ಕೆಲಸಗಳು ಒಂದಕ್ಕೊಂದು ಡಿಕ್ಕಿಯಾಗುವುದು ತಪ್ಪುತ್ತಿತ್ತು ಎಂದು ಆಮೇಲೆ ತಿಳಿಯಿತು. ತಿಳಿಯುವ ತನಕ ನನಗೆ ಅನ್ನಿಸಿದ್ದೇ ಬೇರೆ. ಬಾಗಿಲ ಹಿಂದೆ ಯಾರೋ ನಿಂತಿದ್ದಾರೆ, ನಾನು ನೋಡಿದಾಗ ಮಾತ್ರ ಉಸಿರು ಹಿಡಿಯುತ್ತಾರೆ. ಆ ವಾರ ನಾನು ಮನೆಯ ಬಚ್ಚಲಿಗೆ ಹೋಗುವಾಗಲೂ ಕೆಮ್ಮಿ ಹೋಗುತ್ತಿದ್ದೆ.

ನನ್ನ ಮೇಲಧಿಕಾರಿ ಮಹಾಂತೇಶ ಸರ್ ಅವರಿಗೆ ಇಂಥ ಯಾವ ಕಾಟವೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಫೋನಿನಲ್ಲೇ ಎಲ್ಲ ನಡೆಸುತ್ತಿದ್ದರು. ಅವರ ಬಳಿ ಒಂದೇ ಔಷಧ: "ಆರಿಸಿ ಹಚ್ರಿ." ಪೆಟ್ಟಿಗೆ ನಿಂತಿತೇ, ಆರಿಸಿ ಹಚ್ರಿ. ಹೊಗೆ ಬಂತೇ, ಆರಿಸಿ ಹಚ್ರಿ. ನನಗೆ ರಕ್ತದೊತ್ತಡ ಎಂದು ರಜೆ ಕೇಳಿದಾಗಲೂ ಅದನ್ನೇ ಹೇಳುತ್ತಾರೆಂದು ನಾನು ಕಾದೆ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹತ್ತರಲ್ಲಿ ಎಂಟು ಸಲ ಅವರ ಔಷಧ ನಾಟುತ್ತಿತ್ತು. ಆರಿಸಿದರೆ ಮೆಮೊರಿ ಪೂರ್ತಿ ತೊಳೆದುಹೋಗುತ್ತದೆ, ತಪ್ಪಿನ ಜೊತೆಗೆ ತಪ್ಪಿನ ಗುರುತೂ ಹೋಗುತ್ತದೆ. ಗುರುತು ಬೇಕಾದಾಗ ಏನು ಮಾಡಬೇಕು ಎಂಬುದು ಗಂಗಾವತಿಯಲ್ಲಿ ನನಗೆ ತಿಳಿಯಿತು. ಇಷ್ಟು ಬರೆಯುತ್ತಿರುವುದೂ ಅದನ್ನು ಹೇಳಲೆಂದೇ.

ಒಂದು ಬೆಳಿಗ್ಗೆ ಫೋನ್ ಬಂತು. ಹೆಣ್ಣು ದನಿ.

"ಸರ್, ನಾ ರೇಣುಕಾ ಅಂತ್ರಿ. ಗಂಗಾವತಿ ರೈಸ್ ಮಿಲ್ಲಿನ್ಯಾಗ ಕಾಟಾದ ಕೋಣ್ಯಾಗ ಕುಂದರತೀನ್ರಿ. ಪೆಟ್ಟಿಗಿ ಮ್ಯಾಲ ನಿಮ್ಮ ನಂಬರ್ ಬರದೈತ್ರಿ. ನೀವು ಬಂದು ಒಂದ ಮಾತ ಹೇಳಬೇಕ್ರಿ."

"ಏನಂತ ಹೇಳಬೇಕವ್ವಾ?"

"ನಾ ಒತ್ತಿಲ್ಲ ಅಂತ."

ಆಮೇಲೆ ಆಕೆ ಹೇಳಿದ್ದು ಇದು. ಮಿಲ್ಲಿನ ಅಂಗಳದಲ್ಲಿ ಲಾರಿ ತೂಗುವ ಕಾಟಾ ಇದೆ. ಲಾರಿಯವರಿಗೆ 'ಮುಂದ ಬರ್ರಿ', 'ನಿಂದರ್ರಿ', 'ಹಿಂದಕ್ಕ ಸರೀರಿ' ಎಂದು ಹೇಳಲು ಕಂಬದ ಮೇಲೊಂದು ಹಾರ್ನ್ ಇದೆ. ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಕಾಟಾದ ಕೋಣೆಯಲ್ಲಿ ಕೂತವರು ಗುಂಡಿ ಒತ್ತಬೇಕು. ಬಹಳ ವರ್ಷ ಆ ಮಾತು ಬಸಣ್ಣ ಎಂಬ ಹಿರಿಯ ಗುಮಾಸ್ತರ ದನಿಯಲ್ಲಿತ್ತು. ಎಲ್ಲರಿಗೂ ಬಸಣ್ಣ ಕಾಕಾ. ಹಿಂದಿನ ಸುಗ್ಗಿಯಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಕೆಲಸ ಕಲಿತಿದ್ದ ರೇಣುಕಾ ಅವರ ಕುರ್ಚಿಗೆ ಬಂದಳು. ಮಾತುಗಳೂ ಆಕೆಯ ದನಿಗೆ ಬದಲಾದವು.

ಎರಡು ದಿನದ ಹಿಂದೆ, ಹುಸೇನಪ್ಪ ಎಂಬ ಹಮಾಲ ಕಾಟಾದ ಅಂಚಿನಲ್ಲಿ ಕೂತು ಸಂದಿನಲ್ಲಿ ಸಿಕ್ಕ ಮಣ್ಣು, ನೆಲ್ಲು ಕೆರೆದು ತೆಗೆಯುತ್ತಿದ್ದ. ಸಂದು ತುಂಬಿದರೆ ತೂಕ ತಪ್ಪು ತೋರಿಸುತ್ತದೆ, ಅದಕ್ಕೆ ದಿನಾ ಮಾಡುವ ಕೆಲಸ. ಹಿಂದೆ ಲಾರಿ ನಿಂತಿತ್ತು. ಮಿಲ್ಲಿನ ಗದ್ದಲದ ನಡುವೆ ಹಾರ್ನಿನಿಂದ 'ಮುಂದ ಬರ್ರಿ' ಎಂದು ಬಂತು. ಲಾರಿ ಮುಂದೆ ಬಂತು. ಹುಸೇನಪ್ಪನ ಪಾದದ ಮೇಲೆ ಗಾಲಿ ಹತ್ತಿತು.

"ಎಲ್ಲಾರೂ ನಾನ ಒತ್ತೀನಿ ಅಂತಾರ್ರಿ. ಹಮಾಲರು, ಅಕಿ ಆ ಕೋಣ್ಯಾಗ ಇರೂ ತನಾ ಚೀಲ ಎತ್ತಂಗಿಲ್ಲ ಅಂತ ಕುಂತಾರ. ಸಾವಕಾರ್ರು ನಾಳಿಂದ ಬರಬ್ಯಾಡ ಅಂದಾರ. ಕೆಲಸ ಹೋದ್ರ ಹೋಗ್ಲಿರಿ, ಒಬ್ಬನ ಕಾಲ ಮುರದಾಕಿ ಅನ್ನೂದು ಹೋಗತೈತೇನ್ರಿ?"

"ನೀ ಒತ್ತಿಲ್ಲ ಅಂದ್ರ ಹಾರ್ನ್ಯಾಗ ಹೆಂಗ ಬಂತು?"

"ಅದು ನನ್ನ ದನಿ ಅಲ್ರಿ. ಕಾಕಾನ ದನಿ."

ನಾನು ಗಂಗಾವತಿಯ ಬಸ್ ಹತ್ತಿದೆ. ಕಾಲುವೆಯ ಎರಡೂ ಕಡೆ ಹಸಿರು ನೆಲ್ಲು, ಮೇಲೆ ಸುಡುವ ಬಿಸಿಲು. ದೆವ್ವಕ್ಕೆ ಒಪ್ಪುವ ಹೊತ್ತೂ ಅಲ್ಲ, ಜಾಗವೂ ಅಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂಬ ಯೋಚನೆ ಅಂದು ಬರಲೇ ಇಲ್ಲ. ಅದೇ ಕೆಟ್ಟ ಲಕ್ಷಣ.

ಮಿಲ್ಲಿಗೆ ಕಾಲಿಟ್ಟಾಗ ಕಾಟಾದ ಕೋಣೆಯಲ್ಲಿ ಎಲೆಕ್ಟ್ರಿಶಿಯನ್ ಬಗ್ಗಿಕೊಂಡು, ಬ್ಯಾಟರಿಯಿಂದ ಪೆಟ್ಟಿಗೆಗೆ ಬರುವ ಪ್ಲಗ್ಗಿನ ಮೇಲೆ ಕೈಯಿಟ್ಟಿದ್ದ.

"ಏ ತಮ್ಮಾ, ಕೈ ತಗಿ," ಎಂದೆ. ನನ್ನ ದನಿ ಒಡೆದ ಹಾರ್ನಿನಂತೆ ಬಂತು.

ಸಾವಕಾರರು ಕುರ್ಚಿಯಲ್ಲಿ ಕೂತಿದ್ದರು. "ನಿಮ್ಮ ಸಾಹೇಬ್ರು ಈಗ ಫೋನ್ನ್ಯಾಗ ಹೇಳ್ಯಾರಲ್ರಿ, ಆರಿಸಿ ಹಚ್ರಿ, ಎಲ್ಲಾ ಸರಿ ಆಗತೈತಿ ಅಂತ."

"ಸರಿ ಆಗತೈತ್ರಿ. ಅದಕ್ಕ ಬ್ಯಾಡ ಅನ್ನಾಕ್ಹತ್ತೀನಿ. ಆರಿಸಿದ್ರ ಈ ಹುಡುಗಿ ಒತ್ಯಾಳೋ ಇಲ್ಲೋ ಅನ್ನೂದು ಇನ್ನ ಯಾವತ್ತೂ ಗೊತ್ತಾಗಂಗಿಲ್ಲ."

"ಗೊತ್ತಾಗಾಕ ಏನೈತಿ? ಕೋಣ್ಯಾಗ ಅಕಿ ಒಬ್ಬಾಕಿನ ಇದ್ಲು. ಸತ್ತಾಂವ ಲಾರಿ ಕರದ ಅಂದ್ರ ಹುಸೇನಪ್ಪನ ಹೆಂಡ್ತಿಗೆ ನಾ ಏನ ಹೇಳ್ಲಿ?"

ರೇಣುಕಾ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬರಲು ಅವಳಿಗೆ ಅಪ್ಪಣೆ ಇರಲಿಲ್ಲ. ಇಪ್ಪತ್ತೈದರ ಆಚೀಚೆ ವಯಸ್ಸು, ಅತ್ತು ಮುಗಿಸಿದ ಮುಖ. ನಾನು ಪೆಟ್ಟಿಗೆಗೂ ಪ್ಲಗ್ಗಿಗೂ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ಇಡೀ ವೃತ್ತಿಯಲ್ಲಿ ನಾನು ಮಾಡಿದ ಧೈರ್ಯದ ಕೆಲಸ ಅದೊಂದೇ. ಅದನ್ನೂ ಕೂತು ಮಾಡಿದೆ.

"ಕಾಕಾನ ಹಳೇ ರೆಕಾರ್ಡ್ ಏನ ಮಾಡಿದ್ರಿ?" ಎಂದು ಅಲ್ಲಿಂದಲೇ ಅವಳನ್ನು ಕೇಳಿದೆ.

"ಅಳಿಸಿವ್ರಿ. ಸತ್ತವರ ದನಿಲೆ ಮಂದೀನ ಕರಿಯೂದು ಛಲೋ ಅಲ್ಲ ಅಂತ ಅವರ ಮನಿಯವರು ಅಂದ್ರು. ಕಾರ್ಯದ ದಿನಾನ ನಾನ ಅಳಿಸಿದ್ನಿ."

"ಅಳಿಸೂಕಿಂತ ಮುಂಚೆ?"

ಅವಳು ನೆಲ ನೋಡಿದಳು. "ಒಂದ ಸಲ ಎಲ್ಲಾ ಹಚ್ಚಿ ಕೇಳಿದ್ನಿರಿ. ಕಡೀ ಸಲ ಅಂತ. ತಪ್ಪಾತೇನ್ರಿ?"

"ಅವತ್ತಿನಿಂದ ಪೆಟ್ಟಿಗಿ ಆರಿಸೀರೇನು?"

"ಇಲ್ರಿ. ಬ್ಯಾಟ್ರಿ ಐತಲ್ರಿ, ಕರೆಂಟ್ ಹೋದ್ರೂ ಅದು ಆರಂಗಿಲ್ಲ."

ಕೊನೆಯ ಸಲ ಕೇಳಿದಾಗ ಕಾಕಾನ ದನಿ ಪೆಟ್ಟಿಗೆಯ ಡಿಸ್ಕಿನ ತಟ್ಟೆಯಿಂದ ಎದ್ದು ಮೆಮೊರಿಯೊಳಗೆ ಬಂದಿತ್ತು. ಅಳಿಸಿದಾಗ ತಟ್ಟೆಯ ಮೇಲಿನ ಹೆಸರು ಹೋಯಿತು. ಮೆಮೊರಿಯಲ್ಲಿದ್ದದ್ದು ಯಾರದೂ ಅಲ್ಲದ್ದಾಗಿ ಅಲ್ಲೇ ಉಳಿಯಿತು. ಆ ಮಿಲ್ಲಿನ ಕೆಲಸಕ್ಕೆ ಪೆಟ್ಟಿಗೆ ಬಹಳ ದೊಡ್ಡದು, ಗೋದಾಮಿನ ಹಿಂದಿನ ಮೂಲೆಗೆ ಯಾರೂ ಚೀಲ ಒಟ್ಟಲು ಹೋಗದ ಹಾಗೆ ಆ ಭಾಗಕ್ಕೆ ಯಾರೂ ಹೋಗಿರಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ದನಿ ತನ್ನ ಜಾಗದಲ್ಲಿ ಕಟ್ಟಿಹಾಕಿದಂತೆ ಇರುತ್ತಿತ್ತು. ಮರ್ಯಾದೆಯಿಂದ ಅಳಿಸಿದ್ದಕ್ಕೇ ಅದು ಬಿಡುಗಡೆಯಾಗಿತ್ತು.

ಇದ್ದದ್ದು ಅಲ್ಲಿದೆ, ಸರಿ. ಹೊರಗೆ ಕರೆದವರು ಯಾರು? ಆ ವಾರ ಮಿಲ್ಲಿನಲ್ಲಿ ಹೊಸದೇನು ಬಂತು ಎಂದು ಕೇಳಿದೆ. ಎಲೆಕ್ಟ್ರಿಶಿಯನ್ ಹೆಮ್ಮೆಯಿಂದ ಶೆಡ್ಡಿನ ಕಡೆ ಕೈ ತೋರಿಸಿದ. ಹೊಸ ದೊಡ್ಡ ಮೋಟರು. ಅದನ್ನು ಹಚ್ಚಿದಾಗ ಇಡೀ ಅಂಗಳದ ದೀಪ ಒಮ್ಮೆ ಮಂಕಾಗುತ್ತದೆ. ಪೆಟ್ಟಿಗೆಗೆ ಬ್ಯಾಟರಿ ಇದೆ, ಹಾರ್ನಿನ ತಂತಿ ಕೂಡುವ ಡಬ್ಬಿಗೆ ಇಲ್ಲ. ಡಬ್ಬಿ ಒಮ್ಮೊಮ್ಮೆ ಒಂದು ಕ್ಷಣ ಸತ್ತು ಹುಟ್ಟುತ್ತದೆ. ನೆಟ್‌ವರ್ಕ್ ಕಡಿದು ಕೂಡುತ್ತದೆ. ನಮ್ಮ ಡ್ರೈವರ್ ಎಲ್ಲ ಕೆಲಸವನ್ನೂ ಮೊದಲಿನಿಂದ ಶುರುಮಾಡುತ್ತದೆ.

"ಸಾವಕಾರ್ರ, ಅಂಗಳ ಪೂರಾ ಖಾಲಿ ಮಾಡಸ್ರಿ. ಲಾರಿ ಎಲ್ಲಾ ಹೊರಗ. ಆಮ್ಯಾಲ ಮೋಟರ್ ಹಚ್ಚಿ ನೋಡೂಣು."

ಹಮಾಲರು ಶೆಡ್ಡಿನ ನೆರಳಿಗೆ ಬಂದು ನಿಂತರು. ರೇಣುಕಾಳನ್ನು ಅಂಗಳದ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಒಂದು ನೆಲ್ಲಿನ ಚೀಲದ ಮೇಲೆ ಕೂರಿಸಿದೆ. ಗುಂಪಿನಲ್ಲಿ ಒಬ್ಬ, "ಕೈ ಮ್ಯಾಲ ಮಾಡ ತಂಗಿ, ಕಾಲ್ಲೆ ಒತ್ತಿಗಿತ್ತೀ" ಎಂದ. ಯಾರೋ ನಕ್ಕರು. ಅವಳು ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕಾಟಾದ ಕೋಣೆಯಲ್ಲಿ ನಾನೊಬ್ಬನೇ, ಗುಂಡಿಗಳಿಂದ ದೂರ, ಬಾಗಿಲು ಪೂರ್ತಿ ತೆರೆದು.

ಮೋಟರು ಹಚ್ಚಿದರು. ದೀಪ ಮಂಕಾಯಿತು, ತಿರುಗಿ ಬಂತು. ಹಾರ್ನ್ ಸುಮ್ಮನಿತ್ತು.

"ಕಾಕಾ ಊಟಕ್ಕ ಹೋಗ್ಯಾನ್ರಿ," ಎಂದ ಅದೇ ಹಮಾಲ. ಈ ಸಲ ಬಹಳ ಜನ ನಕ್ಕರು. ಸಾವಕಾರರು ನನ್ನ ಕಡೆ ನೋಡಿದ ನೋಟದಲ್ಲಿ ಬಸ್ ಟೈಮು ಬರೆದಿತ್ತು.

"ಇನ್ನೊಮ್ಮೆ," ಎಂದೆ.

ಮೋಟರು ಆರಿಸಿ ತಿರುಗಿ ಹಚ್ಚಿದರು. ದೀಪ ಮಂಕಾಯಿತು. ಕಂಬದ ಮೇಲೆ ಒಣ ಎಲೆ ತುಳಿದ ಹಾಗೆ ಸದ್ದಾಯಿತು. ಆಮೇಲೆ ಮಟಮಟ ಮಧ್ಯಾಹ್ನದಲ್ಲಿ, ಒಂದೂ ಲಾರಿಯಿಲ್ಲದ ಆ ಬಯಲಿಗೆ, ಕಫ ಕಟ್ಟಿದ ಮುದುಕನ ದನಿ ಸಾವಕಾಶವಾಗಿ ಹೇಳಿತು:

"ಮುಂದ ಬರ್ರಿ. ಮುಂದ ಬರ್ರಿ. ಹಾಂ, ಇನ್ನ—"

ಅಲ್ಲಿಗೆ ಕತ್ತರಿಸಿದ ಹಾಗೆ ನಿಂತಿತು.

ತಮಾಷೆ ಮಾಡುತ್ತಿದ್ದ ಹಮಾಲ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸಾವಕಾರರು ಬಹಳ ಮೆಲ್ಲಗೆ, "ನಮ್ಮ ಬಸಣ್ಣ," ಎಂದರು. ರೇಣುಕಾಳ ಕೈ ಮಡಿಲಲ್ಲೇ ಇತ್ತು. ಆಕೆ ಅವನ್ನು ನೋಡಿಕೊಳ್ಳುತ್ತ ಕೂತಿದ್ದಳು, ಅವು ತನ್ನ ಕೈಗಳೇ ಹೌದೋ ಎಂದು ನೋಡುವ ಹಾಗೆ.

ಕಾರಣ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಎಲ್ಲರಿಗಿಂತ ಹೆಚ್ಚು ಅಂಜಿದವನೂ ನಾನೇ. ತಿಳಿದರೆ ಅಂಜಿಕೆ ಹೋಗುತ್ತದೆ ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಲಿ. ಕೂಡಲೇ ಪೆಟ್ಟಿಗೆಯ ಮೆಮೊರಿಯನ್ನು ಇದ್ದ ಹಾಗೆ ನನ್ನ ಡಿಸ್ಕಿಗೆ ಪ್ರತಿ ಮಾಡಿಕೊಂಡೆ.

ಆಮೇಲೆ, ಕೋಣೆಯ ಬಾಗಿಲ ಮುಂದೆ ಬಂದು ಕೂತ ಹಮಾಲರಿಗೆ ಚೀಲದ ಲೆಕ್ಕದಲ್ಲಿ ಹೇಳಿದೆ. ಈ ಡ್ರೈವರ್ ಅನ್ನೋದು ಹಾರ್ನಿಗೆ ಚೀಲ ಕಳಿಸುವ ಮೇಸ್ತ್ರಿ ಇದ್ದ ಹಾಗೆ. ಚೀಲ ಕಳಿಸಿದ ಮೇಲೆ ಆ ಜಾಗ ಬಿಟ್ಟುಕೊಟ್ಟಿದ್ದಾನೆ, ಆದರೆ ತನ್ನ ತಲೆಯಲ್ಲಿ ಬಿಟ್ಟಿಲ್ಲ. ನೆಟ್‌ವರ್ಕ್ ಕಡಿದು ಕೂಡಿದಾಗ ಗಾಬರಿಯಲ್ಲಿ, ಇಂಥ ಜಾಗದಲ್ಲಿ ಇಷ್ಟು ತೂಕದ ನನ್ನ ಚೀಲ ಇತ್ತಲ್ಲ ಎಂದು ಅಲ್ಲಿಂದ ಅಷ್ಟನ್ನು ಎತ್ತಿ ಮತ್ತೆ ಕಳಿಸುತ್ತಾನೆ. ಈಗ ಆ ಜಾಗದಲ್ಲಿ ಕಾಕಾನ ದನಿ ಬಿದ್ದಿದೆ. ಹಾರ್ನಿಗೆ ಏನು ಗೊತ್ತು, ಬಂದದ್ದನ್ನು ಒದರುತ್ತದೆ.

"ಅಂದ್ರ ದೆವ್ವ ಅಲ್ಲೇನ್ರಿ?" ಎಂದ ಒಬ್ಬ.

"ಅಲ್ಲಪ್ಪಾ."

"ಮತ್ತ ನೀವ್ಯಾಕ ಹಿಂಗ ಬೆವತೀರಿ?"

"ಬಿಸಲ," ಎಂದೆ. ಅವನು ನನ್ನ ಮೇಲಿದ್ದ ಫ್ಯಾನು ನೋಡಿದ.

ಹಿರಿಯ ಹಮಾಲನೊಬ್ಬ ಎದ್ದು ರೇಣುಕಾಳ ಹತ್ತಿರ ಹೋದ. "ಏಳವ್ವ, ಒಳಗ ಹೋಗಿ ಕುಂದರ. ಕಾಟಾ ಹಂಗ ಬಿದ್ದೈತಿ," ಎಂದ. ಕ್ಷಮಿಸು ಎಂದು ನಮ್ಮ ಕಡೆ ಇದಕ್ಕಿಂತ ಬಿಡಿಸಿ ಯಾರೂ ಹೇಳುವುದಿಲ್ಲ. ಅವಳು ಎದ್ದು ಒಳಗೆ ಹೋದಳು. ಸಾವಕಾರರು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಪ್ಪು ಸರಿಯಾಗುವ ತನಕ ಹಾರ್ನಿನ ತಂತಿ ಕಿತ್ತಿಟ್ಟು, ಕೈಸನ್ನೆಯಲ್ಲಿ ಲಾರಿ ಕರೆಯಿರಿ ಎಂದು ಹೇಳಿ ನಾನು ಹೊರಟೆ.

ತಿದ್ದಿದ್ದು ಸಣ್ಣ ಕೆಲಸ. ಜಾಗ ಬಿಟ್ಟುಕೊಡುವಾಗ ಮೇಸ್ತ್ರಿಯ ತಲೆಯಿಂದಲೂ ಅದನ್ನು ಅಳಿಸುವುದು, ಕಡಿದು ಕೂಡಿದಾಗ ಹಳೆಯದೇನನ್ನೂ ನಂಬದೆ ಹೊಸದಾಗಿ ಎಣಿಸುವುದು, ಯಾವ ಜಾಗವನ್ನೂ ಜಾಡಿಸದೆ ಮರಳಿ ಕೊಡದಿರುವುದು. ಮಹಾಂತೇಶ ಸರ್ ನೋಡಿ, "ಇಷ್ಟ ಸಾಲಿಗೆ ಇಷ್ಟ ದಿನಾ ಏನ್ರಿ?" ಎಂದರು. ಬರೆಯಲು ಅರ್ಧ ದಿನ, ಅದು ಬೇರೇನನ್ನೂ ಕೆಡಿಸಿಲ್ಲ ಎಂದು ನನಗೆ ನಿದ್ದೆ ಬರಲು ಉಳಿದ ದಿನ ಎಂದು ಹೇಳಲಿಲ್ಲ. ಕುಷ್ಟಗಿಯ ಕಡೆಯ ಪೆಟ್ಟಿಗೆಗಳಿಗೂ ಅದೇ ತಿದ್ದುಪಡಿ ಹಾಕಿದೆವು. ಅಲ್ಲಿ ಆ ಹಳೆಯ ಜಾಗಗಳಿಂದ ಏನೇನು ಹೊರಗೆ ಬಂದಿತ್ತೋ, ಯಾರು ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದರೋ, ನಾನು ವಿಚಾರಿಸಲು ಹೋಗಲಿಲ್ಲ.

ಈಗ ಈ ಕೆಲಸದ ರೀತಿ ಬೇರೆ. ಬಿಟ್ಟ ಜಾಗಕ್ಕೆ ವಿಷ ತುಂಬಿಟ್ಟು, ಅದನ್ನು ಮುಟ್ಟಿದ ಕೂಡಲೇ ಡ್ರೈವರನ್ನು ಅಲ್ಲೇ ಕೆಡವಿ ತೋರಿಸುವ ಸಾಧನಗಳಿವೆ. ಹಗಲೂ ರಾತ್ರಿ ಅಡ್ಡಾದಿಡ್ಡಿ ಮಾತು ಕಳಿಸಿ ಡ್ರೈವರನ್ನು ಹಿಂಸಿಸುವ ಯಂತ್ರಗಳಿವೆ. ಬಿಟ್ಟುಕೊಟ್ಟ ಜಾಗದ ಹೆಸರು ಹೇಳಲೂ ಬಿಡದ ಹೊಸ ಪ್ರೋಗ್ರಾಮಿಂಗ್ ಭಾಷೆಗಳು ಬಂದಿವೆ. ಹೊಸಬರು ಅದರಲ್ಲೇ ಬರೆಯಲಿ, ಒಳ್ಳೆಯದು. ಆದರೆ ಎಷ್ಟೇ ಕಟ್ಟಾದ ಭಾಷೆಯಾದರೂ ಕೊನೆಗೆ ಒಂದು ಕಡೆ, ಎದುರಿನವನು ಇಷ್ಟು ಕಳಿಸಿದ್ದೇನೆ ಎಂದದ್ದನ್ನು ನಂಬಲೇಬೇಕಾದ ಸಾಲು ಬರುತ್ತದೆ. ಆ ಸಾಲಿನ ಹತ್ತಿರ ನಿಂತು ಒಮ್ಮೆ ಬೆವರಿ.

ಹೊಸ ಡ್ರೈವರ್ ಹಾಕಲು ಪೆಟ್ಟಿಗೆ ಆರಿಸಿ ಹಚ್ಚಬೇಕಿತ್ತು. ಮಹಾಂತೇಶ ಸರ್ ಮಾತು ಕೊನೆಗೂ ನಡೆಯಿತು. ಆರಿದ ಕ್ಷಣ ಮಿಲ್ಲಿನ ಮೆಮೊರಿಯಿಂದ ಕಾಕಾ ಹೋದರು. ಉಳಿದದ್ದು ನನ್ನ ಡಿಸ್ಕಿನಲ್ಲಿದ್ದ ಪ್ರತಿ ಮಾತ್ರ. ಕೆಲಸ ಮುಗಿದ ಮೇಲೆ ಅದನ್ನೂ ಅಳಿಸುವುದು ನಿಯಮ. ಅಳಿಸಲು ಕೂತವನಿಗೆ ನನ್ನ ರೋಗ ಎದ್ದಿತು. ಆ ದನಿ 'ಇನ್ನ' ಎಂದಲ್ಲಿಗೆ ಕಡಿದದ್ದು ಯಾಕೆ?

ಯಾಕೆಂದು ಗೊತ್ತೇ ಇತ್ತು. ಡ್ರೈವರ್ ನೆನಪಿಟ್ಟುಕೊಂಡ ಹಳೆಯ ತೂಕ ಅಷ್ಟೇ. ಅಷ್ಟನ್ನು ಕಳಿಸಿ ನಿಂತಿತ್ತು. ಜಾಗದಲ್ಲಿ ಅದರ ಮುಂದೆಯೂ ಕಾಕಾನ ದನಿ ಇರಲೇಬೇಕು. ಹುಡುಕಿ, ಜೋಡಿಸಿ, ಮಧ್ಯಾಹ್ನ ಕೆಳಗೆ ಹೆಂಗಸರು ಊಟಕ್ಕೆ ಎದ್ದು ಕಟ್ಟಡವೆಲ್ಲ ಸದ್ದಡಗಿದ ಹೊತ್ತಿನಲ್ಲಿ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳಿದೆ.

"ಮುಂದ ಬರ್ರಿ. ಮುಂದ ಬರ್ರಿ. ಹಾಂ, ಇನ್ನ ಒಂಚೂರ. ಏ, ನಿಂದರ್ರಿ, ನಿಂದರ್ರಿ. ಗಾಲಿ ಮುಂದ ಹುಸೇನಪ್ಪ ಅದಾನ."

ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಮೇಜಿನಿಂದ ನಾನೇ ದೂರ ಸರಿದೆ.

ಇದಕ್ಕೂ ವಿವರಣೆ ಇದೆ. ಫೋನು ಹಚ್ಚಿ ಕೇಳಿದಾಗ ರೇಣುಕಾಳೇ ಹೇಳಿದಳು. ಕಾಕಾ ವರ್ಷಗಳ ಹಿಂದೆ ಕೋಣೆಯಲ್ಲಿ ಕೂತು, ನಿಜವಾದ ಲಾರಿ ಕರೆಯುತ್ತಲೇ ರೆಕಾರ್ಡ್ ಮಾಡಿದ್ದರಂತೆ. ಹುಸೇನಪ್ಪ ಆಗಲೂ ದಿನಾ ಅದೇ ಸಂದಿನಲ್ಲಿ ಕೂರುವವನು. ನಡುವೆ ಅವನು ಕಂಡಿರಬೇಕು, ಕಾಕಾ ಲಾರಿ ನಿಲ್ಲಿಸಿರಬೇಕು. ಮೊದಲರ್ಧ ಬಳಸಿಕೊಂಡು ಉಳಿದದ್ದನ್ನು ಹಾಗೇ ಇಟ್ಟಿದ್ದರು. ಅಷ್ಟೇ. ಅವರು ನಿಲ್ಲಿ ಎಂದಿದ್ದರು. ನಮ್ಮ ಡ್ರೈವರ್ ಅವರ ಮಾತನ್ನು ಪೂರ್ತಿ ಮಾಡಗೊಡಲಿಲ್ಲ.

"ಪೂರಾ ಕೇಳಿದ್ದಿಯಲ್ಲವ್ವಾ ಕಡೀ ಸಲ? ಇದು ನೆನಪಿರಲಿಲ್ಲೇನು?"

"ಅಷ್ಟೊತ್ತಿಗೆ ಅಳಾಕ್ಹತ್ತಿದ್ನಿರಿ," ಎಂದಳು. "ಏನೂ ಕೇಳಿಸಲಿಲ್ಲ."

ಅಳಿಸುವ ಮುಂಚೆ ಸಾವಕಾರರ ಒಪ್ಪಿಗೆ ಪಡೆದು ಆ ಒಂದು ತುಣುಕನ್ನು ಅವಳಿಗೆ ಕಳಿಸಿದೆ. ಅವಳು ಅದನ್ನು ಹುಸೇನಪ್ಪನ ಮನೆಗೆ ಒಯ್ದು, ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ಕೇಳಿಸಿದಳಂತೆ. ಅವನು ಎರಡು ಸಲ ಕೇಳಿದ. ಆಮೇಲೆ, "ಇದನ್ನ ಹಾರ್ನಿಗೆ ಹಾಕ ತಂಗಿ. ಕಾಕಾನ ಮನಿಯವರಿಗೆ ನಾನ ಹೇಳ್ತೀನಿ," ಎಂದ. ಕೋಲು ಹಿಡಿದು ನಡೆಯುವಂತಾದ ಕೂಡಲೇ ಮೊದಲು ಹೋದದ್ದು ಅವರ ಮನೆಗೆ. ಕರೆಯುವ ಮಾತಾದರೆ ಬೇಡ, ನಿಲ್ಲಿಸುವ ಮಾತಾದರೆ ಇರಲಿ ಎಂದು ಕಾಕಾನ ಹೆಂಡತಿ ಒಪ್ಪಿದರು.

ಈಗಲೂ ಆ ಮಿಲ್ಲಿನಲ್ಲಿ ಸಂದು ಕೆರೆಯುವ ಹೊತ್ತಿಗೆ ರೇಣುಕಾ ಗುಂಡಿ ಒತ್ತುತ್ತಾಳೆ. ಈಗ ಅವಳೇ ಒತ್ತುವುದು. ಹುಸೇನಪ್ಪ ಬಗ್ಗಲಾರ, ಸಂದಿನಲ್ಲಿ ಬೇರೆಯವರು ಕೂರುತ್ತಾರೆ, ಅವನು ಕಾಟಾದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದಾನೆ. ಹಾರ್ನಿನ ಮಾತಿನಲ್ಲಿ ಹೆಸರು ಮಾತ್ರ ಬದಲಿಸಿಲ್ಲ. ಹೊಸ ಲಾರಿಯವರು ಹುಸೇನಪ್ಪ ಯಾರೆಂದು ಕೇಳುವುದಿಲ್ಲ, ಗಾಲಿಯ ಮುಂದೆ ಇಳಿದು ನೋಡುತ್ತಾರೆ.

ಹಿಂದಿನ ತಿಂಗಳು ಯಾರದೋ ಮದುವೆಗೆ ಗಂಗಾವತಿಗೆ ಹೋಗಿದ್ದೆ. ಮಿಲ್ಲಿನ ಮುಂದಿನ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಗೋಡೆಯ ಆಚೆಯಿಂದ ಆ ದನಿ ಬಂತು, ನಿಂದರ್ರಿ, ನಿಂದರ್ರಿ. ಅದು ಯಾವ ಫೈಲು, ಪೆಟ್ಟಿಗೆಯಲ್ಲಿ ಎಲ್ಲಿದೆ, ಎಷ್ಟು ಉದ್ದ ಎಂಬುದು ನನ್ನಷ್ಟು ಗೊತ್ತಿದ್ದವರು ಇಲ್ಲ. ಆದರೂ ನಿಂತೆ. ಹಿಂದೆ ಬರುತ್ತಿದ್ದ ನನ್ನ ಹೆಂಡತಿ ದಾಟಿ ಮುಂದೆ ಹೋಗಲು ನೋಡಿದಳು. ಕೈ ಹಿಡಿದು ನಿಲ್ಲಿಸಿದೆ.

"ಏನಾತ್ರಿ, ಗ್ಯಾಸ್ ಏನು?" ಎಂದಳು.

"ತಡಿ," ಎಂದೆ. "ಅವರ ಮಾತು ಮುಗೀಲಿ."